ಕೈಯಲ್ಲಿದ್ದ ಅಧಿಕಾರವನ್ನು ಹಂಚಿದ ಮಂತ್ರಿ: ಅಬ್ದುಲ್ ನಜೀರ್ ಸಾಬ್



ಈ ದತ್ತಿ ಉಪನ್ಯಾಸದಲ್ಲಿ ಕರ್ನಾಟಕದ ರಾಜಕಾರಣಿಗಳಲ್ಲಿ ಒಬ್ಬರನ್ನು ಕುರಿತು ಮಾತಾಡಿ ಎಂದು ಕೇಳಿದಿರಿ. ಯಾರೆಂಬುದನ್ನು ನನಗೇ ಬಿಟ್ಟಿರಿ. ಕೆಂಗಲ್ ಹನುಮಂತಯ್ಯನವರು, ನಿಜಲಿಂಗಪ್ಪನವರು, ದೇವರಾಜ ಅರಸು, ರಾಮಕೃಷ್ಣ ಹೆಗಡೆ ಇವರೆಲ್ಲರ ಬಗ್ಗೆ ಪುಸ್ತಕಗಳಿವೆ, ಅಭಿನಂದನ ಗ್ರಂಥಗಳಿವೆ, ರಸ್ತೆಗೆ ಹೆಸರಿದೆ, ಪ್ರತಿಮೆಗಳಿವೆ. ನಾನು ಆರಿಸಿಕೊಂಡವರು ಮುಖ್ಯಮಂತ್ರಿ ಆಗಲಿಲ್ಲ. 1983ರ ಜನವರಿಯಲ್ಲಿ ಹೆಗಡೆಯವರ ಸರ್ಕಾರ ಬಂದಾಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ವಹಿಸಿಕೊಂಡರು, 1988ರಲ್ಲಿ ತೀರಿಕೊಂಡರು. ಆರು ವರ್ಷವೂ ತುಂಬದ ಆ ಅವಧಿಯಲ್ಲಿ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಮಾಡಿದ ಕೆಲಸಕ್ಕೆ ಸಮನಾದದ್ದನ್ನು ಆಮೇಲೆ ಬಂದ ಮಂತ್ರಿಗಳಲ್ಲಿ ನಾನು ಕಂಡಿಲ್ಲ.

ಜನ ಅವರನ್ನು ನೀರ್ ಸಾಬ್ ಎಂದು ಕರೆದರು. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿದ ಮಂತ್ರಿ ಎಂದು ಇವತ್ತಿಗೂ ಹಿರಿಯರು ನೆನೆಯುತ್ತಾರೆ. ಅದು ಸರಿಯಾದ ನೆನಪೇ. ಆದರೆ ಅವರ ಹಿರಿದಾದ ಕೆಲಸ ಅದಲ್ಲ ಎಂಬುದು ನನ್ನ ಅಭಿಪ್ರಾಯ. ನೀರು ಕೊಟ್ಟ ಮಂತ್ರಿಗಳು ಬೇರೆ ರಾಜ್ಯಗಳಲ್ಲೂ ಇದ್ದಾರೆ. ವಿಧಾನಸೌಧದಲ್ಲಿ ಕೂತು, ತನ್ನ ಮತ್ತು ತನ್ನ ಸಹೋದ್ಯೋಗಿಗಳ ಕೈಯಲ್ಲಿದ್ದ ಅಧಿಕಾರವನ್ನು ಕಾನೂನು ಮಾಡಿ ಹಳ್ಳಿಗೂ ಜಿಲ್ಲೆಗೂ ಕೊಟ್ಟ ಮಂತ್ರಿಗಳು ಬಹಳ ಅಪರೂಪ. ಇವತ್ತಿನ ನನ್ನ ಮಾತು ಮುಖ್ಯವಾಗಿ ಅದರ ಬಗ್ಗೆ.

ಗುಂಡ್ಲುಪೇಟೆ ನಿಮಗೆಲ್ಲ ಗೊತ್ತು. ಮೈಸೂರಿನಿಂದ ಊಟಿಗೆ ಹೋಗುವವರು, ವಯನಾಡಿಗೆ ಹೋಗುವವರು ಅಲ್ಲಿ ನಿಂತು ಕಾಫಿ ಕುಡಿದು ಮುಂದೆ ಹೋಗುತ್ತಾರೆ. ಒಂದು ಕಡೆ ಬಂಡೀಪುರದ ಕಾಡು, ಇನ್ನೊಂದು ಕಡೆ ಮಳೆಯನ್ನೇ ನಂಬಿದ ಹೊಲಗಳು. ಆಗ ಅದು ಮೈಸೂರು ಜಿಲ್ಲೆಗೆ ಸೇರಿತ್ತು. ಚಾಮರಾಜನಗರ ಜಿಲ್ಲೆ ಆದದ್ದು 1997ರಲ್ಲಿ. ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಕೆ.ಎಸ್. ನಾಗರತ್ನಮ್ಮನವರ ಕ್ಷೇತ್ರ ಎಂದೂ ಆ ಊರಿಗೆ ಹೆಸರಿತ್ತು. ನಜೀರ್ ಸಾಬ್ ಆ ಬರದ ಸೀಮೆಯಿಂದ ಬಂದವರು. ಅವರ ಬೆನ್ನಿಗೆ ದೊಡ್ಡ ಜಾತಿಯೊಂದರ ಮತಬಲ ಇರಲಿಲ್ಲ. ಲಿಂಗಾಯತ ಮತ್ತು ಒಕ್ಕಲಿಗ ಲೆಕ್ಕಾಚಾರದಲ್ಲೇ ಸಂಪುಟಗಳು ಹುಟ್ಟಿ ಬೀಳುತ್ತಿದ್ದ ರಾಜ್ಯದಲ್ಲಿ, ಮುಸ್ಲಿಮರು ಅಲ್ಲಲ್ಲಿ ಚದುರಿ ಕೆಲವೇ ಮನೆಗಳಿರುವ ಸಾವಿರಾರು ಹಳ್ಳಿಗಳಲ್ಲಿ, ಈ ಮನುಷ್ಯನ ಹೆಸರು ಮನೆಮಾತಾಯಿತು. ಅದು ಮಾಡಿದ ಕೆಲಸದಿಂದ ಬಂದ ಹೆಸರು.

ಮೊದಲು ನೀರಿನ ವಿಷಯ ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ಬರಗಾಲವನ್ನು ಕಂಡವರು ಈ ಸಭೆಯಲ್ಲಿ ಕೆಲವರಾದರೂ ಇದ್ದೀರಿ. ಕೆರೆ ಒಣಗಿತು, ಸೇದುವ ಬಾವಿಗೆ ಎಷ್ಟು ಹಗ್ಗ ಬಿಟ್ಟರೂ ಕೊಡ ತುಂಬಲಿಲ್ಲ. ನಮ್ಮ ನೆಲದಡಿ ಇರುವುದು ಗಟ್ಟಿ ಕರಿಕಲ್ಲು. ಹಾರೆ ಗುದ್ದಲಿಯಿಂದ ತೋಡಿದ ಬಾವಿ ಬಂಡೆ ಸಿಕ್ಕಲ್ಲಿಗೆ ನಿಲ್ಲುತ್ತದೆ. ನೀರು ಆ ಬಂಡೆಯ ಬಿರುಕುಗಳಲ್ಲಿ, ಇನ್ನೂ ಕೆಳಗೆ ಇರುತ್ತದೆ. ಬೋರಿನ ಲಾರಿ ಬೇಕಾದದ್ದು ಅದಕ್ಕೆ. ಲಾರಿ ಬಂತೆಂದರೆ ಇಡೀ ಊರು ಸುತ್ತ ನಿಲ್ಲುತ್ತಿತ್ತು. ಮೇಲಿನ ಮಣ್ಣು ಕುಸಿಯದಂತೆ ಕೇಸಿಂಗ್ ಪೈಪು ಇಳಿಸುತ್ತಿದ್ದರು. ಆಮೇಲೆ ಕಂಪ್ರೆಸರ್ ಗಾಳಿಯ ಹೊಡೆತಕ್ಕೆ ಬಂಡೆ ಪುಡಿಯಾಗಿ ಬಿಳಿ ಧೂಳು ಏಳುತ್ತಿತ್ತು. ಮನೆಗಳ ಮಾಡು, ಹುಡುಗರ ತಲೆ, ಹುಣಸೆ ಮರದ ಎಲೆ ಎಲ್ಲ ಬೆಳ್ಳಗಾಗುತ್ತಿದ್ದವು. ಸ್ವಲ್ಪ ಹೊತ್ತಿಗೆ ಧೂಳು ಬೂದು ಬಣ್ಣದ ಕೆಸರಾಗಿ ಬರುತ್ತಿತ್ತು. ಹೆಂಗಸರು ಅದನ್ನು ನೋಡಿದ ಕೂಡಲೇ ಊದುಕಡ್ಡಿ, ತೆಂಗಿನಕಾಯಿ ತರಲು ಮನೆಗೆ ಓಡುತ್ತಿದ್ದರು.

ಅದರ ಮೇಲೆ ಕೂರಿಸುತ್ತಿದ್ದದ್ದು ಇಂಡಿಯಾ ಮಾರ್ಕ್ 2 ಎಂಬ ಕೈಪಂಪು. ಸೊಲ್ಲಾಪುರದಲ್ಲಿ ಮೊದಲು ರೂಪುಗೊಂಡ ಪಂಪಿನ ಮಾದರಿಯನ್ನು ಎಪ್ಪತ್ತರ ದಶಕದಲ್ಲಿ ಯುನಿಸೆಫ್ ನೆರವಿನಿಂದ ತಿದ್ದಿ ಮಾಡಿದ್ದು. ಉದ್ದನೆಯ ಹಿಡಿ, ತಲೆಯೊಳಗೆ ಒಂದು ಸರಪಣಿ, ಕೆಳಗೆ ಆಳದಲ್ಲಿ ಹಿತ್ತಾಳೆಯ ಒಳಪದರವಿದ್ದ ಸಿಲಿಂಡರು, ಅದರೊಳಗೆ ಚರ್ಮದ ವಾಷರು. ಎಂಟು ವರ್ಷದ ಹುಡುಗಿ ಹಿಡಿಗೆ ಜೋತುಬಿದ್ದರೂ ನೀರು ಬರುತ್ತಿತ್ತು. ಆದರೆ ಆ ಚರ್ಮದ ವಾಷರು ಸವೆಯುತ್ತದೆ. ಸವೆದ ದಿನ ಅದನ್ನು ಬದಲಿಸುವ ಮೆಕ್ಯಾನಿಕ್ ಬರದೆ ಹೋದರೆ ಸಾವಿರಾರು ರೂಪಾಯಿಯ ಬೋರ್‌ವೆಲ್ ಬರೀ ಕಬ್ಬಿಣದ ಕಂಬ. ಈ ವಿಷಯ ನಿಮ್ಮ ಮನಸ್ಸಿನಲ್ಲಿರಲಿ, ಏಕೆಂದರೆ ನಜೀರ್ ಸಾಬರ ಎರಡು ಕೆಲಸಗಳು ಕೂಡುವುದು ಇಲ್ಲಿಯೇ. ಬೆಂಗಳೂರಿನಿಂದ ಬೋರ್‌ವೆಲ್ ಮಂಜೂರು ಮಾಡಬಹುದು. ವಾಷರು ಸವೆದದ್ದು ಬೆಂಗಳೂರಿಗೆ ಗೊತ್ತಾಗುವುದಿಲ್ಲ.

ಉತ್ತರ ಕರ್ನಾಟಕದವರಿಗೆ ಕೈಪಂಪಿನ ಇನ್ನೊಂದು ಉಪಕಾರ ನೆನಪಿರಬೇಕು. ಗುಲ್ಬರ್ಗ, ರಾಯಚೂರು, ಬಿಜಾಪುರದ ಕಡೆ ಮೆಟ್ಟಿಲು ಬಾವಿಗೆ ಇಳಿದು ನೀರು ತುಂಬುವ ಹಳ್ಳಿಗಳಲ್ಲಿ ನಾರು ಹುಣ್ಣು ಇತ್ತು. ಕಾಲಿನ ಬೊಕ್ಕೆಯಿಂದ ದಾರದಂಥ ಹುಳ ಹೊರಗೆ ಬರುವ ರೋಗ. ಹುಣ್ಣಿನ ಕಾಲನ್ನು ಬಾವಿಯ ನೀರಿಗೆ ಇಟ್ಟರೆ ಹುಳದ ಮರಿಗಳು ನೀರಿಗೆ ಸೇರುತ್ತವೆ, ಆ ನೀರು ಕುಡಿದವರಿಗೆ ಮರುವರ್ಷ ಅದೇ ರೋಗ. ಅದಕ್ಕೆ ಲಸಿಕೆ ಇಲ್ಲ, ಔಷಧಿಯೂ ಇಲ್ಲ. ಜನ ನೀರಿಗೆ ಇಳಿಯದಂತೆ ಮಾಡಬೇಕು, ಸೋಸಿ ಕುಡಿಯಬೇಕು, ಅಷ್ಟೇ ದಾರಿ. ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಶುರುವಾದದ್ದೂ ಎಂಬತ್ತರ ದಶಕದ ಮೊದಲ ವರ್ಷಗಳಲ್ಲೇ. 2000ದಲ್ಲಿ ಭಾರತ ಈ ರೋಗದಿಂದ ಮುಕ್ತ ಎಂದು ಘೋಷಣೆ ಆಯಿತು. ಆ ಯಶಸ್ಸಿನಲ್ಲಿ ಆರೋಗ್ಯ ಇಲಾಖೆಯವರ ಪಾಲು ದೊಡ್ಡದು. ಮೆಟ್ಟಿಲು ಬಾವಿಯ ಪಕ್ಕ ನೆಟ್ಟ ಕೈಪಂಪಿನ ಪಾಲೂ ಇದೆ.

ಊರ ಬಾವಿಗೆ ಹಗ್ಗ ಇಳಿಸಲು ಬಿಡದ ದಲಿತರ ಕೇರಿಗಳಲ್ಲಿ, ಮೇಲಿನವರು ಬಂದು ಸೇದಿ ಹುಯ್ಯಲಿ ಎಂದು ಕೊಡ ಇಟ್ಟುಕೊಂಡು ಕಾದವರ ಮನೆ ಮುಂದೆ ಒಂದು ಪಂಪು ಬಂದರೆ ಏನಾಗುತ್ತದೆ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಬೋರ್‌ವೆಲ್ಲಿನಿಂದ ಬಂದ ಕೇಡನ್ನೂ ಹೇಳಬೇಕು: ಆಳದ ನೀರಿನಲ್ಲಿ ಫ್ಲೋರೈಡ್ ಬಂತು, ಪಾವಗಡದಂಥ ಕಡೆ ಹಲ್ಲು, ಮೂಳೆ ಹಾಳಾದವು. ತೋಟಕ್ಕಾಗಿ ಕೊರೆದ ಆಳದ ಬೋರುಗಳು ಅಂತರ್ಜಲವನ್ನು ಕೆಳಕ್ಕೆ ಎಳೆದವು. ಆದರೆ ಅಂತರ್ಜಲ ಇಳಿದದ್ದು ಮೋಟಾರು ಪಂಪುಗಳ ಕಥೆ. ಕೈಯಲ್ಲಿ ಒತ್ತುವ ಪಂಪಿನ ಮೇಲೆ ಆ ಹೊರೆ ಹೊರಿಸುವುದು ನ್ಯಾಯವಲ್ಲ.

ಈಗ ಅಧಿಕಾರ ಹಂಚಿದ 1983ರ ಕಾನೂನಿಗೆ ಬರೋಣ.

ಅದಕ್ಕೆ ಮೊದಲು ನಮ್ಮಲ್ಲಿ ಇದ್ದದ್ದು 1959ರ ಕಾಯ್ದೆ. ಗ್ರಾಮ ಪಂಚಾಯಿತಿ ಇತ್ತು, ತಾಲ್ಲೂಕು ಬೋರ್ಡು ಇತ್ತು. ಜಿಲ್ಲಾ ಮಟ್ಟದಲ್ಲಿ ಇದ್ದದ್ದು ಜಿಲ್ಲಾ ಅಭಿವೃದ್ಧಿ ಪರಿಷತ್ತು. ಅದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಅಂದರೆ ದುಡ್ಡು, ನೌಕರರು, ತೀರ್ಮಾನ ಮೂರೂ ಎಲ್ಲಿ ಕೂಡುತ್ತವೋ ಅಲ್ಲಿ ಜನ ಆರಿಸಿದವರು ಸಲಹೆ ಕೊಟ್ಟು ಬರಬೇಕಿತ್ತು. 1978ರಲ್ಲಿ ಅಶೋಕ ಮೆಹತಾ ಸಮಿತಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿ ಎಂಬ ಎರಡು ಹಂತದ ವ್ಯವಸ್ಥೆ ಸೂಚಿಸಿತು. ದೆಹಲಿಯ ಜನತಾ ಸರ್ಕಾರ ಬಿತ್ತು, ವರದಿ ಅಲ್ಲೇ ಉಳಿಯಿತು. ಅದನ್ನು ಕೈಗೆತ್ತಿಕೊಂಡು ತಮ್ಮ ರಾಜ್ಯಕ್ಕೆ ಹೊಂದುವಂತೆ ಬದಲಿಸಿಕೊಂಡವರು ಹೆಗಡೆ ಮತ್ತು ನಜೀರ್ ಸಾಬ್. ಪಶ್ಚಿಮ ಬಂಗಾಳದಲ್ಲಿ ಪಂಚಾಯಿತಿಗಳಿಗೆ ಜೀವ ಬಂದಾಗ ಅದರ ಹಿಂದೆ ಹಳ್ಳಿ ಹಳ್ಳಿಯಲ್ಲಿ ಕಾರ್ಯಕರ್ತರಿದ್ದ ಎಡಪಕ್ಷವೊಂದಿತ್ತು. ಇಲ್ಲಿ ಆಳುತ್ತಿದ್ದದ್ದು ಹಲವು ಗುಂಪುಗಳು ಸೇರಿ ಆದ ಜನತಾ ಪಕ್ಷ. ಮೊದಲ ಎರಡು ವರ್ಷ ಅದಕ್ಕೆ ಸ್ವಂತ ಬಹುಮತವೂ ಇರಲಿಲ್ಲ. ಅಂಥ ಸರ್ಕಾರದಲ್ಲಿ ಕೂತು ಇಂಥ ಕಾನೂನು ತರಲು ಹೆಚ್ಚಿನ ಎದೆಗಾರಿಕೆ ಬೇಕು.

1983ರ ಕಾಯ್ದೆಯ ಹೆಸರು ಉದ್ದ: ಕರ್ನಾಟಕ ಜಿಲ್ಲಾ ಪರಿಷತ್ತುಗಳು, ತಾಲ್ಲೂಕು ಪಂಚಾಯತ್ ಸಮಿತಿಗಳು, ಮಂಡಲ ಪಂಚಾಯಿತಿಗಳು ಮತ್ತು ನ್ಯಾಯ ಪಂಚಾಯಿತಿಗಳ ಅಧಿನಿಯಮ. ರಾಷ್ಟ್ರಪತಿಗಳ ಒಪ್ಪಿಗೆ ಬರುವಷ್ಟರಲ್ಲಿ 1985 ಆಗಿತ್ತು. ಅಷ್ಟರೊಳಗೆ ಹೆಗಡೆಯವರು ಲೋಕಸಭಾ ಚುನಾವಣೆಯ ಸೋಲಿನ ನಂತರ ರಾಜೀನಾಮೆ ಕೊಟ್ಟು, ಮತ್ತೆ ಜನರ ಬಳಿ ಹೋಗಿ, 224ರಲ್ಲಿ 139 ಸ್ಥಾನ ಗೆದ್ದು ಬಂದಿದ್ದರು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಏಪ್ರಿಲ್ 1ರಿಂದ ಹೊಸ ವ್ಯವಸ್ಥೆ ಶುರುವಾಯಿತು.

ಏನೇನು ಬದಲಾಯಿತು ನೋಡಿ. ಎಂಟರಿಂದ ಹನ್ನೆರಡು ಸಾವಿರ ಜನಸಂಖ್ಯೆಗೆ ಒಂದು ಮಂಡಲ, ರಾಜ್ಯದಲ್ಲಿ ಸುಮಾರು ಎರಡೂವರೆ ಸಾವಿರ ಮಂಡಲಗಳು. ಮಂಡಲಕ್ಕೆ ಪ್ರಧಾನ, ಉಪಪ್ರಧಾನ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಪರಿಷತ್ತಿನ ಆಡಳಿತಕ್ಕೆ ಒಬ್ಬ ಮುಖ್ಯ ಕಾರ್ಯದರ್ಶಿ. ಆತ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಆತ ಕೆಲಸ ಮಾಡಬೇಕಾದದ್ದು ಚುನಾಯಿತ ಅಧ್ಯಕ್ಷರ ಕೈಕೆಳಗೆ. ಬ್ರಿಟಿಷರ ಕಾಲದಿಂದ ಜಿಲ್ಲೆಯ ದೊರೆಯಾಗಿದ್ದ ಡಿಸಿ ಸಾಹೇಬರು ಅಭಿವೃದ್ಧಿಯ ವಿಷಯದಲ್ಲಿ ಎರಡನೆಯವರಾದರು. ರಾಜ್ಯದ ಯೋಜನಾ ವೆಚ್ಚವನ್ನು ರಾಜ್ಯ ವಲಯ, ಜಿಲ್ಲಾ ವಲಯ ಎಂದು ಒಡೆದರು. ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ, ಕೃಷಿ, ಪಶುವೈದ್ಯ, ಕುಡಿಯುವ ನೀರು ಎಲ್ಲ ನೌಕರರ ಸಮೇತ ಪರಿಷತ್ತಿಗೆ ಹೋದವು. ವರ್ಷಕ್ಕೆ ಎರಡು ಸಲ ಗ್ರಾಮಸಭೆ. ಮಹಿಳೆಯರಿಗೆ ನೂರಕ್ಕೆ 25 ಸ್ಥಾನ. ಸಂವಿಧಾನ ಮೂರನೇ ಒಂದು ಭಾಗ ಎಂದು ಹೇಳುವುದಕ್ಕೆ ಆರು ವರ್ಷ ಮೊದಲೇ, ಸುಮಾರು ಹದಿನಾಲ್ಕು ಸಾವಿರ ಹೆಂಗಸರು ನಮ್ಮ ಮಂಡಲ, ಪರಿಷತ್ತುಗಳಲ್ಲಿ ಕುರ್ಚಿಯ ಮೇಲೆ ಕೂತರು. ಗಂಡ, ಮಗ ಹೇಳಿದಲ್ಲಿ ಸಹಿ ಹಾಕಿದವರು ಅವರಲ್ಲಿ ಬಹಳ ಮಂದಿ. ಆದರೂ ಸಭೆಯ ಚಾಪೆಯನ್ನು ದಾಟಿ ಕುರ್ಚಿಗೆ ಬಂದದ್ದು ಹಳ್ಳಿಯ ಮಟ್ಟಿಗೆ ದೊಡ್ಡ ಸಂಗತಿ.

ಈ ಬದಲಾವಣೆಯನ್ನು ನಾನು ದೂರದಿಂದ ಓದಿ ತಿಳಿದವನಲ್ಲ. ಆಗ ನಾನು ಹಳೇ ಮೈಸೂರು ಕಡೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಅಲ್ಲಿಯ ತನಕ ನಮ್ಮನ್ನು ಕೇಳುವವರು ಶಾಲಾ ಇನ್‌ಸ್ಪೆಕ್ಟರು ಮಾತ್ರ. ಅವರು ಬರುವ ಸುದ್ದಿ ಎರಡು ದಿನ ಮೊದಲೇ ಬಸ್ ಕಂಡಕ್ಟರಿಂದ ತಿಳಿಯುತ್ತಿತ್ತು. ಮಂಡಲದ ಚುನಾವಣೆ ಆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಪ್ರಧಾನರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊಲದಿಂದ ನೇರವಾಗಿ ಶಾಲೆಗೆ ಬಂದರು. ಹಾಜರಿ ಪುಸ್ತಕ ತೆರೆಸಿ ನೋಡಿದರು. ಆಮೇಲೆ ಮಕ್ಕಳನ್ನು ಒಂದು ಮೂಲೆಗೆ ಕೂರಿಸಿದ್ದು ಏಕೆಂದು ಕೇಳಿದರು. ತಲೆ ಎತ್ತಿ ನೋಡಿ ಅವರೇ ಉತ್ತರ ಕಂಡುಕೊಂಡರು.

‘ಈ ಹೆಂಚು ಯಾವಾಗ್ಲಿಂದ ಒಡ್ದೋಗವೆ ಮೇಷ್ಟ್ರೇ?’

‘ಎರಡು ಮಳೆಗಾಲ ಆಯ್ತು ಗೌಡ್ರೇ. ಬರೆದು ಕಳಿಸ್ತಾನೇ ಇದೀವಿ.’

‘ಬರ್ದಿದ್ದು ಸಾಕು ಬುಡಿ. ಬ್ಯಾಸ್ತ್ವಾರ ಮೀಟಿಂಗದೆ.’

ಮುಂದಿನ ಮಳೆಗೆ ಹೆಂಚು ಬದಲಾಗಿತ್ತು. ಪಕ್ಕದೂರಿನ ಶಾಲೆಯಲ್ಲಿ ವಾರಕ್ಕೆ ಮೂರು ದಿನ ಬರುತ್ತಿದ್ದವರು ಆರು ದಿನವೂ ಬರತೊಡಗಿದರು. ಆರೋಗ್ಯ ಉಪಕೇಂದ್ರದ ಬಾಗಿಲು ಬೆಳಿಗ್ಗೆ ತೆರೆದಿರುತ್ತಿತ್ತು. ಇದು ನನ್ನ ಊರಿನ ಮಾತು ಮಾತ್ರವಲ್ಲ. ರಿಚರ್ಡ್ ಕ್ರೂಕ್ ಮತ್ತು ಜೇಮ್ಸ್ ಮ್ಯಾನರ್ ಎಂಬ ಇಬ್ಬರು ವಿದ್ವಾಂಸರು ಕರ್ನಾಟಕ, ಬಾಂಗ್ಲಾದೇಶ, ಘಾನಾ, ಐವರಿ ಕೋಸ್ಟ್ ಈ ನಾಲ್ಕು ಕಡೆಯ ಅಧಿಕಾರ ವಿಕೇಂದ್ರೀಕರಣವನ್ನು ಅಧ್ಯಯನ ಮಾಡಿ 1998ರಲ್ಲಿ ಗ್ರಂಥ ಪ್ರಕಟಿಸಿದರು. ನಾಲ್ಕರಲ್ಲಿ ಮುಂದೆ ನಿಂತದ್ದು ಕರ್ನಾಟಕ. ಮೇಷ್ಟ್ರು, ನರ್ಸುಗಳ ಹಾಜರಿ ಸುಧಾರಿಸಿದ್ದನ್ನು ಅವರೂ ಗುರುತಿಸಿದ್ದಾರೆ. ನೌಕರರ ಸಂಘಗಳಲ್ಲಿ ಆಗ ಬಹಳ ಅಸಮಾಧಾನವಿತ್ತು. ಏಳನೇ ಕ್ಲಾಸು ಓದಿದವರು ನಮ್ಮನ್ನು ಕೇಳುವುದೇ ಎಂದು ನಮ್ಮವರೇ ಕೂಗಾಡಿದರು. ಕೇಳುವ ಹಕ್ಕು ಅವರಿಗೆ ಇದ್ದದ್ದು ಓದಿನಿಂದಲ್ಲ, ಆ ಶಾಲೆಯಲ್ಲಿ ಅವರ ಮೊಮ್ಮಕ್ಕಳು ಕೂತಿದ್ದರಿಂದ.

ಅಸಮಾಧಾನ ನೌಕರರಿಗಿಂತ ಹೆಚ್ಚಾಗಿದ್ದದ್ದು ಶಾಸಕರಿಗೆ. ಮೇಷ್ಟ್ರ ವರ್ಗಾವಣೆ, ರಸ್ತೆ, ಬೋರ್‌ವೆಲ್, ಗುತ್ತಿಗೆ ಇವು ನಮ್ಮ ಶಾಸಕರ ದಿನನಿತ್ಯದ ಬಂಡವಾಳ. ಅದನ್ನು ಕಿತ್ತು ಪರಿಷತ್ತಿನ ಸದಸ್ಯರ ಕೈಗೆ ಕೊಟ್ಟರೆ ಬೆಳಿಗ್ಗೆ ಅವರ ಮನೆ ಮುಂದೆ ಜನ ಏಕೆ ನಿಲ್ಲಬೇಕು? ಕಾಯ್ದೆಯಲ್ಲಿ ತಾಲ್ಲೂಕು ಪಂಚಾಯತ್ ಸಮಿತಿ ಎಂಬುದು ಇತ್ತು, ಶಾಸಕರೇ ಅದಕ್ಕೆ ಅಧ್ಯಕ್ಷರು. ಆದರೆ ಅದಕ್ಕೆ ನೇರ ಚುನಾವಣೆ ಇಲ್ಲ, ಕೆಲಸ ಸಮನ್ವಯ ಮತ್ತು ಮೇಲ್ವಿಚಾರಣೆ ಮಾತ್ರ. ಶಾಸಕರಿಗೆ ಗೌರವದ ಸ್ಥಾನ ಕೊಟ್ಟು ಹಣದ ಕೀಲಿಕೈ ಕೊಡದ ಏರ್ಪಾಡು ಅದು ಎಂದು ನಾನು ಓದಿಕೊಳ್ಳುತ್ತೇನೆ. ತಮ್ಮ ಪಕ್ಷದ ಶಾಸಕರನ್ನೇ ಒಪ್ಪಿಸಿ, ಒಪ್ಪದವರನ್ನು ಸಹಿಸಿಕೊಂಡು ಮಂತ್ರಿ ಇದನ್ನು ದಡ ಸೇರಿಸಿದರು. ಚುನಾವಣೆ ಪಕ್ಷದ ಚಿಹ್ನೆಯ ಮೇಲೆಯೇ ನಡೆಯಿತು. ಹಲವು ಜಿಲ್ಲಾ ಪರಿಷತ್ತುಗಳು ಕಾಂಗ್ರೆಸ್ಸಿನ ಪಾಲಾದವು. ಅಂದರೆ ತಮ್ಮ ಎದುರಾಳಿಗಳಿಗೆ ರಾಜ್ಯ ಸಚಿವರ ಸ್ಥಾನ, ಹಣ, ಅಧಿಕಾರಿಗಳನ್ನು ಕೊಡುವ ಕಾನೂನನ್ನು ತಾವೇ ಬರೆದಂತಾಯಿತು. ಆ ಪರಿಷತ್ತುಗಳಿಗೂ ಅದೇ ಅಧಿಕಾರ ಹೋಯಿತು. ಇವತ್ತಿನ ರಾಜಕಾರಣ ನೋಡುತ್ತಿರುವ ನಿಮಗೆ ಇದರ ಬೆಲೆ ತಿಳಿಯುತ್ತದೆ.

ಕೊರತೆಗಳಿದ್ದವು. ಮಂಡಲಗಳಲ್ಲಿ ಜಮೀನು ಇದ್ದ ಜಾತಿಗಳದೇ ಮೇಲುಗೈ. ಬಡವರ ಪಟ್ಟಿ ಓದಬೇಕಾದ ಗ್ರಾಮಸಭೆಗಳು ಪ್ರಶ್ನೆಗೆ ಹೆದರಿ ಬರೀ ಪುಸ್ತಕದಲ್ಲಿ ನಡೆದವು. ನ್ಯಾಯ ಪಂಚಾಯಿತಿಗಳು ಹುಟ್ಟಲೇ ಇಲ್ಲ. ಕೆ.ಎಸ್. ಕೃಷ್ಣಸ್ವಾಮಿಯವರ ಮೌಲ್ಯಮಾಪನ ಸಮಿತಿ 1989ರಲ್ಲಿ ವರದಿ ಕೊಟ್ಟಿತು. ಎಲ್ಲಕ್ಕಿಂತ ದೊಡ್ಡ ಕೊರತೆ ನನ್ನ ದೃಷ್ಟಿಯಲ್ಲಿ ಬೇರೆ: ಆ ವ್ಯವಸ್ಥೆಗೆ ಸಂವಿಧಾನದ ಆಸರೆ ಇರಲಿಲ್ಲ. ಬೆಂಗಳೂರಿನ ಸರ್ಕಾರ ಬಯಸುವಷ್ಟು ದಿನ ಬದುಕಬೇಕಾದ ಮಗು ಅದು. 1988ರ ಆಗಸ್ಟಿನಲ್ಲಿ ಹೆಗಡೆಯವರು ರಾಜೀನಾಮೆ ಕೊಟ್ಟರು. ಅದೇ ವರ್ಷ ನಜೀರ್ ಸಾಬ್ ಕಾಯಿಲೆಯಿಂದ ತೀರಿಕೊಂಡರು; ಪರಿಷತ್ತುಗಳು ಕೆಲಸ ಶುರು ಮಾಡಿ ಆಗ ಎರಡು ವರ್ಷವೂ ಆಗಿರಲಿಲ್ಲ. ವ್ಯವಸ್ಥೆಯನ್ನು ತಿದ್ದಿ ತೀಡಬೇಕಾದ ಹೊತ್ತಿಗೆ ಅದನ್ನು ಬಲ್ಲವರು ಇಲ್ಲವಾದರು. 1989ರ ಕೊನೆಗೆ ಸರ್ಕಾರವೇ ಬದಲಾಯಿತು. 1992ರ ಜನವರಿಯಲ್ಲಿ ಪರಿಷತ್ತುಗಳ ಅವಧಿ ಮುಗಿದಾಗ ಮರುಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದರು.

ದೆಹಲಿಯಲ್ಲಿ ಅಷ್ಟರಲ್ಲಿ ಬೇರೊಂದು ನಡೆದಿತ್ತು. ರಾಜೀವ್ ಗಾಂಧಿಯವರ 64ನೇ ತಿದ್ದುಪಡಿ ಮಸೂದೆ 1989ರಲ್ಲಿ ರಾಜ್ಯಸಭೆಯಲ್ಲಿ ಬಿತ್ತು. ನರಸಿಂಹರಾವ್ ಕಾಲದಲ್ಲಿ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ನೇರ ಚುನಾವಣೆ, ಮಹಿಳಾ ಮೀಸಲಾತಿ, ಗ್ರಾಮಸಭೆ, ಹಣಕಾಸು ಆಯೋಗ ಇವೆಲ್ಲ ದೇಶದ ಕಾನೂನಾದವು. ಕರ್ನಾಟಕದ ಅನುಭವ ಅದರ ಹಿಂದಿನ ಚರ್ಚೆಯಲ್ಲೆಲ್ಲ ಇತ್ತು. ಆದರೆ ಅದಕ್ಕೆ ಹೊಂದಿಸಿ ನಾವು ಮಾಡಿಕೊಂಡ 1993ರ ಕಾಯ್ದೆಯನ್ನು 1983ರದರ ಪಕ್ಕ ಇಟ್ಟು ಓದಿದರೆ ಬೇಸರವಾಗುತ್ತದೆ. ಮಂಡಲ ಹೋಗಿ ಐದರಿಂದ ಏಳು ಸಾವಿರ ಜನಸಂಖ್ಯೆಯ ಗ್ರಾಮ ಪಂಚಾಯಿತಿ ಬಂತು, ಇದು ಜನರಿಗೆ ಹತ್ತಿರವಾಯಿತು, ಒಳ್ಳೆಯದು. ಆದರೆ ಜಿಲ್ಲಾ ಅಧ್ಯಕ್ಷರ ಅವಧಿಯನ್ನು 20 ತಿಂಗಳಿಗೆ ಇಳಿಸಿ ಸರದಿ ಮಾಡಿದರು. ಇಪ್ಪತ್ತು ತಿಂಗಳಲ್ಲಿ ಒಬ್ಬ ಅಧ್ಯಕ್ಷರು ಬಜೆಟ್ಟಿನ ಪುಟ ತಿರುವಲು ಕಲಿಯುವಷ್ಟರಲ್ಲಿ ಮುಂದಿನವರು ಬಾಗಿಲಲ್ಲಿ ನಿಂತಿರುತ್ತಿದ್ದರು. ಅದನ್ನು ಐದು ವರ್ಷಕ್ಕೆ ಏರಿಸಲು ಎರಡು ದಶಕ ಬೇಕಾಯಿತು.

ಕಾಯ್ದೆಗೆ ತಿದ್ದುಪಡಿ ಸೂಚಿಸಿದ ರಮೇಶ್ ಕುಮಾರ್ ಸಮಿತಿಯ ಶ್ರಮದಿಂದ ಕಾಯ್ದೆಗೆ ಗ್ರಾಮ ಸ್ವರಾಜ್ ಎಂಬ ಹೆಸರೂ ಸೇರಿತು. ಆದರೆ 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ, ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ವರ್ಷ ವರ್ಷ ಉರುಳಿದವು. ಸಂವಿಧಾನವೇ ಐದು ವರ್ಷ ಎಂದು ಹೇಳಿದ ಮೇಲೂ, ಪಕ್ಷ ಯಾವುದೇ ಅಧಿಕಾರದಲ್ಲಿರಲಿ, ಜಿಲ್ಲೆಗಳು ಅಧಿಕಾರಿಗಳ ಕೈಯಲ್ಲೇ ಉಳಿದವು. ಬೀದಿಗಿಳಿದು ಕೇಳಿದವರು ಬೆರಳೆಣಿಕೆಯಷ್ಟು. ನನಗೆ ಸಂಕಟವಾಗುವುದು ಇಲ್ಲಿ. ಒಂದು ಕಾಲದಲ್ಲಿ ದೇಶಕ್ಕೆ ದಾರಿ ತೋರಿಸಿದ ರಾಜ್ಯದ ಜನಕ್ಕೆ, ತಮ್ಮ ಕೈಯಿಂದ ಏನು ಹೋಯಿತು ಎಂಬುದೇ ಮರೆತುಹೋದಂತಿದೆ.

ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇದೆ. ಪಂಚಾಯಿತಿ ಸದಸ್ಯರಿಗೆ, ನೌಕರರಿಗೆ ಅಲ್ಲಿ ತರಬೇತಿ ನಡೆಯುತ್ತದೆ. ಅವರ ಹೆಸರಿಗೆ ಅದು ತಕ್ಕ ಸ್ಮಾರಕ. ಆದರೆ ಅವರ ಬದುಕು ಮತ್ತು ಕೆಲಸದ ಬಗ್ಗೆ ಸರಿಯಾದ ದೊಡ್ಡ ಅಧ್ಯಯನವೊಂದು ಕನ್ನಡದಲ್ಲಿ ಬರಬೇಕು. ಈ ಕಾಲೇಜಿನ ರಾಜ್ಯಶಾಸ್ತ್ರ, ಇತಿಹಾಸ ವಿಭಾಗದ ವಿದ್ಯಾರ್ಥಿಗಳನ್ನು ಕೇಳಿಕೊಳ್ಳುತ್ತೇನೆ: 1983ರ ಮಸೂದೆಯ ಮೇಲೆ ಎರಡೂ ಸದನಗಳಲ್ಲಿ ನಡೆದ ಚರ್ಚೆಯ ನಡವಳಿಯನ್ನು ತೆಗೆದು ಓದಿ. ಯಾರು ಏಕೆ ವಿರೋಧಿಸಿದರು, ಮಂತ್ರಿ ಏನು ಉತ್ತರ ಕೊಟ್ಟರು ಎಂಬುದನ್ನು ಬರೆಯಿರಿ. 1987ರಲ್ಲಿ ಗೆದ್ದ ಆ ಹದಿನಾಲ್ಕು ಸಾವಿರ ಹೆಂಗಸರಲ್ಲಿ ಬದುಕಿರುವ ಹಲವರಿಗೆ ಈಗ ಎಪ್ಪತ್ತು, ಎಂಬತ್ತರ ವಯಸ್ಸು. ನಿಮ್ಮ ತಾಲ್ಲೂಕಿನಲ್ಲಿ ಯಾರಿದ್ದಾರೆ ಹುಡುಕಿ, ಅವರ ಮನೆಗೆ ಹೋಗಿ ಮಾತಾಡಿಸಿ, ಮೊಬೈಲಿನಲ್ಲಿ ದಾಖಲು ಮಾಡಿಕೊಳ್ಳಿ. ಮೊದಲ ಸಭೆಗೆ ಹೇಗೆ ಹೋದರು, ಯಾವ ಕೆಲಸಕ್ಕೆ ಪಟ್ಟು ಹಿಡಿದರು, ಎರಡನೇ ಸಲ ಏಕೆ ನಿಲ್ಲಲಿಲ್ಲ, ಇಷ್ಟು ಕೇಳಿದರೂ ಸಾಕು. ಈ ಕೆಲಸವನ್ನು ಇನ್ನು ಹತ್ತು ವರ್ಷ ಬಿಟ್ಟು ಮಾಡಲು ಆಗುವುದಿಲ್ಲ.